ಡಬ್ಬಿ ಬಾರಿಸುವ ಹುಡುಗಿ

ನಾನು ಒಂದು ಮುಖಪುಟ. ಪುಸ್ತಕದ್ದಲ್ಲ, ಮಾಸಪತ್ರಿಕೆಯದ್ದು. ಅದೂ ಹಾಡಿನ ಪತ್ರಿಕೆಯದ್ದು. ಒಳಗಿನ ಪುಟಗಳು ಎಷ್ಟೇ ಜಾಣತನದ ಮಾತಾಡಲಿ, ಅಂಗಡಿಯ ಹಗ್ಗದ ಮೇಲೆ ಬಿಸಿಲು, ಧೂಳು, ಬಸ್ಸಿನ ಹೊಗೆ ಎಲ್ಲವನ್ನೂ ತಿಂದು ನಿಲ್ಲುವವಳು ನಾನು. ಹಾಗಾಗಿ ನನಗೆ ಸ್ವಲ್ಪ ಜಂಬವಿದೆ. ಇರಲಿ ಬಿಡಿ, ಚೆಂದ ಇದ್ದವರಿಗೆ ಅಷ್ಟೂ ಇರಬಾರದೇ?

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಕ್ಯಾಸೆಟ್ಟುಗಳ ಕಾಲದಲ್ಲಿ. ಚಹದಂಗಡಿಯಿಂದ ಹಿಡಿದು ಟೆಂಪೋವರೆಗೆ ಎಲ್ಲಿ ನೋಡಿದರೂ ಪಾಪ್ ಹಾಡು. ಆ ಹಾಡಿಗೆ ಮರುಳಾದ ಕಾಲೇಜು ಹುಡುಗ ಹುಡುಗಿಯರಿಗಾಗಿ ಹಂಚಿನಾಳ ಸರ್ 'ಗುನುಗು' ಎಂಬ ಪತ್ರಿಕೆ ತೆಗೆದಿದ್ದರು. ಸರ್ ಬಂಗಾರದಂಥ ಮನುಷ್ಯ. ಆದರೆ ಮುಖಪುಟದಲ್ಲಿ ಶಾಲು ಹೊದ್ದ ಹಿರಿಯರು ಸನ್ಮಾನ ಮಾಡಿಸಿಕೊಳ್ಳುತ್ತಿದ್ದರೆ ಯಾವ ಹುಡುಗಿ ಕಣ್ಣೆತ್ತಿ ನೋಡುತ್ತಾಳೆ? ಕಟ್ಟಿದ ಕಟ್ಟು ಬಿಚ್ಚದೆ ಪ್ರತಿಗಳು ಅಂಗಡಿಗಳಿಂದ ವಾಪಸ್ ಬಂದವು. ಆಫೀಸಿನ ಮೂಲೆಯಲ್ಲಿ ಅವುಗಳ ಗುಡ್ಡೆ ಬೆಳೆಯಿತು.

ಆಗ ಸರ್ ಮಾಲಿನಿ ಕಬಾಡಿ ಎಂಬವಳನ್ನು ಕರೆದರು. ಚಿತ್ರಕಲೆ ಕಲಿತು ಬಂದ ಹುಡುಗಿ ಮಾಲಿನಿ. ಮುಖಪುಟ ಬಿಡಿಸಬೇಕೆಂಬುದು ಚಿಕ್ಕಂದಿನ ಆಸೆ. ಅಲ್ಲಿಯವರೆಗೆ ಆಕೆಗೆ ಸಿಕ್ಕಿದ್ದು ಮದುವೆ ಕಾರ್ಡಿನ ಗಣಪತಿಗಳು ಮಾತ್ರ.

"ಈ ಸಲದ ಮುಖಪುಟ ನೀನ ಮಾಡು ತಂಗಿ," ಎಂದರು ಸರ್. "ಹುಡುಗರ ಕೈಗೆ ಹೋತಂದ್ರ ಪತ್ರಿಕೆ ಉಳೀತೈತಿ. ಇಲ್ಲಂದ್ರ ಇದ ಕಡೀ ಸಂಚಿಕೆ."

ಮಾಲಿನಿಗೆ ಕುಣಿಯಬೇಕೆನ್ನಿಸಿತು, ಹೆದರಿಕೆಯೂ ಆಯಿತು.

ನನಗಿಂತ ಮೊದಲು ನನಗೊಬ್ಬ ಅಕ್ಕ ಹುಟ್ಟಿದ್ದಳು, ಮಾಲಿನಿ ಮಾಡಿದ ಮೊದಲ ಮುಖಪುಟ. ಇದೆಲ್ಲ ನನಗೆ ಹೇಳಿದ್ದೂ ಆಕೆಯೇ. ಮಾಲಿನಿಯ ಮೇಜಿನ ಮೇಲೆ ನಾವಿಬ್ಬರೂ ಒಂದರ ಮೇಲೊಂದು ಮಲಗಿದ್ದೆವು. ಅಕ್ಕ ಬಲು ಗಂಭೀರೆ. ಮೈಯೆಲ್ಲ ಕಪ್ಪು. ನಡುವೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಆಗಿನ ಪಾಪ್ ಗಾಯಕ ಟೋನಿ ಸಾಗರ್‌ನ ಕಪ್ಪುಬಿಳುಪು ಫೋಟೋ, ಸುತ್ತ ಮಂದ ಬೆಳಕು, ಕೆಳಗೆ ಬಿಳಿ ಅಕ್ಷರದಲ್ಲಿ ಅವನ ಹೆಸರು. ಆಫೀಸಿನವರೆಲ್ಲ ಬಂದು ನೋಡಿ, "ಏನ್ ಮಸ್ತ್ ಐತಿ! ಬೆಂಗಳೂರಿನ ಪತ್ರಿಕೆ ಇದ್ದಂಗ ಐತಿ!" ಎಂದು ಹೊಗಳಿದರು. ಅಕ್ಕ ಉಬ್ಬಿಹೋದಳು.

ಮಾಲಿನಿ ಮಾತ್ರ ಅಷ್ಟಕ್ಕೇ ಬಿಡಲಿಲ್ಲ. ಇದು ಆಫೀಸಿನವರಿಗಾಗಿ ಮಾಡಿದ್ದಲ್ಲವಲ್ಲ! ಅಚ್ಚಿಗೆ ಕೊಡುವ ಮೊದಲು ಒಂದೇ ಒಂದು ಮಾದರಿ ಪ್ರತಿ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದಳು. ಅಲ್ಲಿನ ಪುಸ್ತಕದಂಗಡಿಯವನನ್ನು ಕಾಡಿ ಬೇಡಿ, ಹಗ್ಗದ ಮೇಲೆ ಕ್ಲಿಪ್ಪು ಹಾಕಿ ಅಕ್ಕನನ್ನು ನೇತುಹಾಕಿಸಿದಳು. ತಾನು ಹೋಗಿ ಕಲಘಟಗಿಯ ಬಸ್ಸು ನಿಲ್ಲುವಲ್ಲಿ, ಬಸ್ಸಿಗೆ ಕಾಯುವವಳ ಹಾಗೆ ನಿಂತಳು.

ಪಕ್ಕದಲ್ಲಿ ಒಬ್ಬ ಕಾಲೇಜು ಹುಡುಗಿ ನಿಂತಿದ್ದಳು. ಎರಡು ಜಡೆ, ಹೆಗಲಿಗೆ ಚೀಲ, ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ. ಡಬ್ಬಿಯ ಮುಚ್ಚಳದ ಮೇಲೆ ಬೆರಳಿನಿಂದ ತಾಳ ಹಾಕುತ್ತ, ತುಟಿಯೊಳಗೇ ಏನೋ ಹಾಡಿಕೊಳ್ಳುತ್ತಿದ್ದಳು. ಯಾರಾದರೂ ನೋಡಿದರೆ ತಟ್ಟನೆ ಬೆರಳೂ ನಿಲ್ಲುತ್ತಿತ್ತು, ತುಟಿಯೂ ನಿಲ್ಲುತ್ತಿತ್ತು. ಅವಳ ಕಣ್ಣು ಅಂಗಡಿಯ ಹಗ್ಗದ ಕಡೆ ಹೋಯಿತು. ಹುಡುಗಿಯ ಮುಖ ಸಣ್ಣದಾಯಿತು.

"ಅಕ್ಕಾರ, ಟೋನಿ ಸಾಗರ್ ತೀರ್ಕೊಂಡ್ರೇನ್ರೀ?" ಎಂದು ಕೇಳಿದಳು.

"ಏನಂದಿ?"

"ಅಲ್ನೋಡ್ರಿ, ಫೋಟೋ ಹಾಕ್ಯಾರ. ಅಯ್ಯೋ ಪಾಪ! ಮೊನ್ನಿ ರೇಡಿಯೋದಾಗ ಎಷ್ಟ್ ಛಂದ ಹಾಡಿದ್ರು!"

ಮಾಲಿನಿ ತಿರುಗಿ ನೋಡಿದಳು. ನಮ್ಮ ಕಡೆ ಪೇಪರಿನಲ್ಲಿ ಶ್ರದ್ಧಾಂಜಲಿ ಹಾಕುವುದು ಹೇಗೆ? ಕಪ್ಪು ಅಂಚು, ಮೊಟ್ಟೆಯಾಕಾರದ ಚೌಕಟ್ಟು, ಕಪ್ಪುಬಿಳುಪು ಫೋಟೋ, ಕೆಳಗೆ ಹೆಸರು. ಅಕ್ಕನಿಗೆ ಒಂದು ಹೂವಿನ ಹಾರ, ಒಂದು ದೀಪ ಕಡಿಮೆ ಇತ್ತು, ಅಷ್ಟೇ! ದಿನಾ ಬೆಳಗ್ಗೆ ಅದೇ ಪುಟವನ್ನು ಓದುವ ಇಡೀ ಆಫೀಸಿನಲ್ಲಿ ಒಬ್ಬರಿಗಾದರೂ ಹೊಳೆಯಬಾರದೇ? ಚೆನ್ನಾಗಿ ಉಂಡು ತಿಂದು ಓಡಾಡಿಕೊಂಡಿದ್ದ ಮನುಷ್ಯನನ್ನು ಎಲ್ಲರೂ ಸೇರಿ ಮೇಲಕ್ಕೆ ಕಳಿಸಿಬಿಟ್ಟಿದ್ದರು.

ಮಾಲಿನಿಗೆ ಅಳು ಬರಬೇಕಿತ್ತು, ನಗು ಬಂತು. "ಇಲ್ಲವಾ, ಅವ್ರು ಗಟ್ಟಿಮುಟ್ಟ ಅದಾರ," ಎಂದಳು. ಹುಡುಗಿ ಉಸ್ಸಪ್ಪಾ ಎಂದು ಉಸಿರು ಬಿಟ್ಟಳು.

"ಒಂದ್ ಮಾತು ಹೇಳು. ಹಾಡಿನ ಪತ್ರಿಕಿ ಮ್ಯಾಲ ಎಂಥಾದ್ದು ಇದ್ರ ನಿನಗ ತಗೋಬೇಕನಸ್ತೈತಿ?"

"ನನ್ನ ಕೇಳ್ತೀರೇನ್ರೀ?" ಹುಡುಗಿ ನಾಚಿದಳು. "ಏನೋ ನೋಡ್ರಿ… ನೋಡಿದ ಕೂಡ್ಲೇ ಹಾಡಬೇಕನಸಬೇಕು."

"ನೀ ಹಾಡ್ತೀಯಲ್ಲ?"

"ಅಯ್ಯ, ಇಲ್ಲೇನ್ರೀ? ಬಸ್‌ಸ್ಟ್ಯಾಂಡಿನಾಗ? ಮಂದಿ ಏನಂದಾರು!"

ಬಸ್ಸು ಬಂತು. ಹುಡುಗಿ ಗದ್ದಲದಲ್ಲಿ ನುಗ್ಗಿ ಕಿಟಕಿಯ ಹತ್ತಿರ ಕೂತಳು. ಕೂತ ಕೂಡಲೇ ಬೆರಳು ಮತ್ತೆ ಡಬ್ಬಿಯ ಮೇಲೆ. ಬಸ್ಸು ತಿರುವು ದಾಟುವವರೆಗೂ ಮಾಲಿನಿ ಕಣ್ಣು ಕೀಳದೆ ಆ ಕಿಟಕಿಯನ್ನೇ ನೋಡುತ್ತಿದ್ದಳು. ನಾನು ಹುಟ್ಟಿದ್ದು ಆ ನೋಟದಲ್ಲಿ. ಕುಂಚ, ಬಣ್ಣ ಎಲ್ಲ ಆಮೇಲಿನ ಮಾತು.

ಮರುದಿನ ನನಗೆ ಮೈ ಬಂತು. ಕಪ್ಪು ಹೋಗಿ ರಾಣಿ ಬಣ್ಣ ಬಂತು, ಮದುವೆಮನೆಯ ಹುಡುಗಿಯರು ಉಡುವ ಸೀರೆಯ ಆ ಕಡುಗುಲಾಬಿ. ಹಗ್ಗದ ಮೇಲೆ ಒಂದರ ಮೇಲೊಂದು ನೇತುಹಾಕಿದಾಗ ಕೆಳಭಾಗ ಮುಚ್ಚಿಹೋಗುವುದನ್ನು ಮಾಲಿನಿ ಅಲ್ಲಿ ಕಣ್ಣಾರೆ ಕಂಡಿದ್ದಳು. ಅದಕ್ಕೇ ಪತ್ರಿಕೆಯ ಹೆಸರನ್ನು ನನ್ನ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಕೂರಿಸಿದಳು. ನಡುವೆ ಎರಡು ಜಡೆಯ ಹುಡುಗಿ. ಮುಖ ಅರ್ಧ ಆಚೆಗೆ ತಿರುಗಿದೆ, ಬೆರಳು ಡಬ್ಬಿಯ ಮೇಲಿದೆ, ಬಾಯ್ತುಂಬ ಹಾಡುತ್ತಿದ್ದಾಳೆ. ಹಿಂದೆ ತುಂಬಿದ ಬಸ್‌ಸ್ಟ್ಯಾಂಡು ತನ್ನ ಪಾಡಿಗೆ ತಾನಿದೆ. ಟೋನಿ ಸಾಗರ್ ಮೂಲೆಯಲ್ಲಿ ಚಿಕ್ಕದಾಗಿ, ಬಣ್ಣಬಣ್ಣವಾಗಿ, ಹಲ್ಲು ಬಿಟ್ಟು ನಗುತ್ತಿದ್ದ. ಅವನು ಬದುಕಿದ್ದಾನೋ ಇಲ್ಲವೋ ಎಂದು ಇನ್ನು ಯಾರಿಗೂ ಅನುಮಾನ ಬೇಡ!

ಹಂಚಿನಾಳ ಸರ್ ನನ್ನನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ಇದೇನವಾ? ಡಬ್ಬಿ ಬಾರಸೋ ಹುಡುಗಿ? ಮಂದಿ ಅಡಗಿ ಪುಸ್ತಕ ಅಂತ ತಿಳೀತಾರ!"

"ಟೋನಿ ಸಾಗರ್ ಸತ್ತಾರಂತ ತಿಳಿಯೂದಕಿಂತ ಚೊಲೋ ಅಲ್ರೀ ಸರ್?"

ಸರ್ ನಗಲಿಲ್ಲ. "ಹೆಸರಿಲ್ಲದ ಹುಡುಗೀನ ಯಾರ್ ನೋಡ್ತಾರ ತಂಗಿ? ಇದ ಕಡೀ ಆಟ ಐತಿ ನಮ್ದು."

"ಯಾರೂ ಮುಟ್ಟಲಿಲ್ಲಂದ್ರ ನಾ ಮತ್ತ ಗಣಪತಿ ಬರ್ಕೋತ ಕುಂಡ್ರತೀನ್ರಿ. ಮುಖಪುಟದ ಮಾತ ತಗಿಯೂದಿಲ್ಲ." ಎಂದಳು ಮಾಲಿನಿ. ಆಕೆ ನನ್ನನ್ನು ಮೇಜಿನಿಂದ ಎತ್ತಿಕೊಳ್ಳಲಿಲ್ಲ.

ಸರ್ ಬಹಳ ಹೊತ್ತು ನನ್ನನ್ನೇ ನೋಡಿದರು. ನೋಡುತ್ತ ನೋಡುತ್ತ ಅವರ ಬೆರಳು ತಾನಾಗಿಯೇ ಮೇಜಿನ ಮೇಲೆ ತಾಳ ಹಾಕತೊಡಗಿತು. ಅದು ಅವರ ಗಮನಕ್ಕೆ ಬಂದಾಗ ಗಂಟಲು ಸರಿಮಾಡಿಕೊಂಡು, "ಹೂಂ, ಹಾಕು," ಎಂದರು. ಆ ಬೆರಳಿಗೆ ನಾನು ಇವತ್ತಿಗೂ ಋಣಿ.

ಅಚ್ಚಿನ ಮನೆಯಲ್ಲಿ ಬಣ್ಣದ ಮೇಲೆ ಬಣ್ಣ ಬಿದ್ದು ನಾನು ಸಾವಿರಾರು ಆದೆ. ಉಳಿದವರ ಹಣೆಬರಹ ನನಗೆ ಗೊತ್ತಿಲ್ಲ. ನನ್ನ ಕಾಲು ಬಂದು ನಿಂತದ್ದು ಮಾತ್ರ ಅದೇ ಬಸ್‌ಸ್ಟ್ಯಾಂಡಿನ ಅದೇ ಹಗ್ಗದ ಮೇಲೆ. ಮಾಲಿನಿ ಕಂಬದ ಮರೆಗೆ ಬಂದು ನಿಂತಳು. ಒಬ್ಬರು ನನ್ನನ್ನು ಪಕ್ಕಕ್ಕೆ ತಳ್ಳಿ ಪಂಚಾಂಗ ತೆಗೆದುಕೊಂಡು ಹೋದರು. ಇನ್ನೊಬ್ಬರು ನನ್ನ ತುದಿಯಿಂದ ಬೆರಳಿನ ಎಣ್ಣೆ ಒರೆಸಿಕೊಂಡರು. ಮಾಲಿನಿಯ ಮುಖ ಬಾಡುತ್ತ ಬಂತು. ಅಯ್ಯೋ, ಈ ಹುಡುಗಿಯನ್ನು ಸೋಲಿಸುವುದಕ್ಕೇ ಹುಟ್ಟಿದೆನೇ ಎಂದು ನನಗೂ ಸಂಕಟವಾಯಿತು.

ಕಾಲೇಜು ಬಿಟ್ಟಿತು. ಎರಡು ಜಡೆಯ ಹುಡುಗಿ ಗೆಳತಿಯರ ಜೊತೆ ಬಂದವಳು ನಾಲ್ಕು ಹೆಜ್ಜೆ ಮುಂದೆ ಹೋಗಿ ಹಿಂದಕ್ಕೆ ಬಂದಳು.

"ಏ, ನಿಂದರ್ರೇ! ಈಕಿ ನಾನ ನೋಡ್ರೇ!"

"ನೀನ? ಕಮಲಾಕ್ಷಿ, ನೀ ಯಾವತ್ತ ಬಾಯಿ ತಗದು ಹಾಡೀದಿ? ಈಕಿ ನನ್ನಂಗ ಅದಾಳ!" ಎಂದಳು ಒಬ್ಬಳು. "ಜಡಿ ನೋಡು, ನಂದ ಅದು!" ಎಂದಳು ಇನ್ನೊಬ್ಬಳು. ಜಗಳವೇ ಶುರುವಾಯಿತು. ಕಮಲಾಕ್ಷಿ ಅಷ್ಟರಲ್ಲೇ ಕ್ಲಿಪ್ಪು ಬಿಚ್ಚಿ ನನ್ನನ್ನು ಎದೆಗೊತ್ತಿಕೊಂಡಳು. ಉಳಿದವರು, "ನನಗೊಂದು, ನನಗೊಂದು" ಎಂದು ಅಂಗಡಿಯವನ ಮೇಲೆ ಬಿದ್ದರು.

ಬಸ್ಸಿನಲ್ಲಿ ನಾನು ಅವಳ ತೊಡೆಯ ಮೇಲಿದ್ದೆ. ಅವಳು ಡಬ್ಬಿ ತೆಗೆದಳು. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಸುತ್ತ ನೋಡಿದಳು. ಆಮೇಲೆ ಹಾಡಿದಳು ನೋಡಿ! ಗೆಳತಿಯರೂ ಸೇರಿಕೊಂಡರು. ಬಸ್ಸು ಹೊರಟಾಗ ನಾನು ಕಿಟಕಿಯಿಂದ ಕಂಡೆ, ಮಾಲಿನಿ ಕಂಬ ಹಿಡಿದು, ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ನಾನು ಆಕೆಯನ್ನು ನೋಡಿದ್ದು ಅದೇ ಕೊನೆ.

ಪತ್ರಿಕೆ ಉಳಿಯಿತು. ಹೇಗೆ ಗೊತ್ತೆಂದರೆ, ತಿಂಗಳಿಗೊಬ್ಬಳಂತೆ ನನ್ನ ತಂಗಿಯರು ಕಲಘಟಗಿಯ ಕಮಲಾಕ್ಷಿಯ ಮನೆಗೆ ಬರುತ್ತಿದ್ದರು. ಎಲ್ಲರನ್ನೂ ಬಿಡಿಸಿದ್ದು ಮಾಲಿನಿಯದೇ ಕೈ. ಕ್ಯಾಸೆಟ್ಟುಗಳು ಮರೆಯಾದ ಮೇಲೆ ಅವರು ಬರುವುದೂ ನಿಂತಿತು. ನಾನು ಗೆಳತಿಯರ ಕೈಯಿಂದ ಕೈಗೆ ಓಡಾಡಿ, ಕಿವಿ ಮಡಿಸಿಕೊಂಡು, ಚಹದ ಕಲೆ ಹೊತ್ತು ಮನೆಗೆ ಮರಳಿದೆ. ಒಳಗಿನ ಪುಟಗಳು ರದ್ದಿಗೆ ಹೋದವು. ಕಮಲಾಕ್ಷಿಯ ಅಪ್ಪ ಬಡಿಗ. ಮಗಳಿಗೆಂದು ಮಾಡಿಕೊಟ್ಟ ಕಪಾಟಿನ ಬಾಗಿಲ ಒಳಮೈಗೆ ಅವಳು ಮೈದಾ ಅಂಟು ಕಾಯಿಸಿ ನನ್ನನ್ನು ಹಚ್ಚಿದಳು. ಅಳತೆಗೆ ಕೂರಲೆಂದು ಅಂಚು ಕತ್ತರಿಸಿದಾಗ, ತುದಿಯಲ್ಲಿದ್ದ ಮಾಲಿನಿಯ ಸಣ್ಣ ಸಹಿಯೂ ಹೋಯಿತು. ಪಾಪ, ಅವಳಿಗೇನು ಗೊತ್ತು.

ನಾನು ಆ ಮನೆಗೆ ಬಂದ ವರ್ಷ ಕಾಲೇಜಿನ ಗ್ಯಾದರಿಂಗ್‌ನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಕಮಲಾಕ್ಷಿ ಹಾಡಿದಳಂತೆ. ಬಹುಮಾನವೇನೂ ಬರಲಿಲ್ಲ. ಮದುವೆಯಾಗಿ ಅಳ್ನಾವರಕ್ಕೆ ಹೋದಾಗ ಕಪಾಟೂ ಹೋಯಿತು, ನಾನೂ ಹೋದೆ. ಈಗ ಅಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ. ನನ್ನ ರಾಣಿ ಬಣ್ಣ ಮಾಸಿ, ತೊಳೆದು ತೊಳೆದು ಹಳತಾದ ರವಿಕೆಯಂತಾಗಿದೆ. ಟೋನಿ ಸಾಗರ್‌ನ ಮುಖವನ್ನು ಜಿರಳೆ ತಿಂದಿದೆ. ಒಂದು ತಿಂಗಳು ಬಾಳಿದರೆ ಹೆಚ್ಚು ಎನ್ನುವ ಜಾತಿ ನಮ್ಮದು. ನಾನು ಇಷ್ಟು ವರ್ಷ ಬಾಳಿದೆ. ಸೀರೆಗಳ ನಡುವೆ ನುಸಿಗುಳಿಗೆಯ ವಾಸನೆಯಲ್ಲಿ, ದಿನಾ ಬೆಳಗ್ಗೆ ಬಾಗಿಲು ತೆರೆದಾಗ ಒಂದು ಹಾಡು ಕೇಳುತ್ತ ಸುಖವಾಗಿದ್ದೇನೆ.

ಮೊನ್ನೆ ಅವಳ ಮಗಳು ಇಂಚರಾ ಸೀರೆ ಹುಡುಕುತ್ತ ಬಂದವಳು ನನ್ನೆದುರು ನಿಂತುಬಿಟ್ಟಳು.

"ಅವ್ವಾ, ಇದು ಖರೇನ ನಿನ್ನಂಗ ಐತೆಲ್ಲ! ಯಾರ್ ಬಿಡಿಸ್ಯಾರ?"

ಕಮಲಾಕ್ಷಿ ಹತ್ತಿರ ಬಂದು ನನ್ನ ಮೇಲೆ ಕೈಯಾಡಿಸಿದಳು. ನನಗೆ ಬಾಯಿ ಇದ್ದಿದ್ದರೆ ಆ ಹೆಸರನ್ನು ಕೂಗಿ ಹೇಳುತ್ತಿದ್ದೆ.

"ಯಾರೋ ಗೊತ್ತಿಲ್ಲವಾ," ಎಂದಳು. "ಆದ್ರ ಆಕಿ ಎಲ್ಲೋ ಒಮ್ಮೆ ನನ್ನ ಛಂದಂಗ ನೋಡ್ಯಾಳ ಅನಸ್ತೈತಿ."