ಮತ್ತೆ ಬೀಳಲು ಕಲಿತ ಬಟನ್

ಥರ್ಮನ್ ಟಿಡ್‌ವೆಲ್‌ಗೆ ಬುದ್ಧಿ ಬಂದ ಮೇಕೆಗಳನ್ನು ಕಂಡರೆ ಆಗುತ್ತಿರಲಿಲ್ಲ. ಅವನ ದೊಡ್ಡಿಯಲ್ಲಿ ಉಳಿಯಬೇಕಾದರೆ ಮೇಕೆ ಬೀಳಬೇಕು. ಬಾಗಿಲು ದಡಾರ್ ಎಂದರೆ ಬೀಳಬೇಕು, ಟ್ರ್ಯಾಕ್ಟರ್ ಕೆಮ್ಮಿದರೆ ಬೀಳಬೇಕು, ಯಾರಾದರೂ ಸೀನಿದರೂ ಬೀಳಬೇಕು. ಟೆನೆಸ್ಸಿಯ ನಮ್ಮ ಸೀಮೆಯಲ್ಲಿ ಅವನ ಅಪ್ಪ, ಅಜ್ಜ ಸಾಕಿದ್ದೂ ಇದೇ ಜಾತಿ. ಬೆಚ್ಚಿದೊಡನೆ ನಾಲ್ಕು ಕಾಲೂ ಮೇಜಿನ ಕಾಲುಗಳ ಹಾಗೆ ಸೆಟೆದುಕೊಂಡು ಪ್ರಾಣಿ ದೊಪ್ಪನೆ ಪಕ್ಕಕ್ಕೆ ಉರುಳುತ್ತದೆ. ಸ್ವಲ್ಪ ಹೊತ್ತಿಗೆ ಎದ್ದು, ಏನೂ ಆಗಲಿಲ್ಲವೆಂಬಂತೆ ಹುಲ್ಲಿಗೆ ಬಾಯಿ ಹಾಕುತ್ತದೆ. ನೋಡಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಹೊರಗಿನವರು ಇದನ್ನು ಮೂರ್ಛೆ ಅನ್ನುತ್ತಾರೆ. ಮೂರ್ಛೆಯೂ ಇಲ್ಲ, ಮಣ್ಣೂ ಇಲ್ಲ. ಬಿದ್ದ ಮೇಕೆಗೆ ಪೂರ್ತಿ ಎಚ್ಚರವಿರುತ್ತದೆ, ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಏಳಲಾಗುವುದಿಲ್ಲ, ಅಷ್ಟೆ. ರಸ್ತೆಯಾಚೆಯ ಮನೆಯಲ್ಲಿದ್ದುಕೊಂಡು ಇಷ್ಟು ವರ್ಷ ನಾನು ಆ ಕಣ್ಣುಗಳನ್ನು ನೋಡಿದ್ದೇನೆ. ನನಗಂತೂ ನಗು ಬರುವುದಿಲ್ಲ.

ವಯಸ್ಸಾಗುತ್ತ ಮೇಕೆಗೂ ಒಂದು ಉಪಾಯ ಹೊಳೆಯುತ್ತದೆ. ಸೆಟೆದುಕೊಳ್ಳುವುದನ್ನು ತಪ್ಪಿಸಲಾಗದು, ಬೀಳುವುದನ್ನು ತಪ್ಪಿಸಬಹುದು. ಸದ್ದು ಕೇಳಿದೊಡನೆ ಕಾಲು ಅಗಲಿಸಿ, ಬೇಲಿಗೋ ಗೋಡೆಗೋ ಮೈ ಆನಿಸಿ ನಿಂತುಬಿಡುತ್ತದೆ. ಇದನ್ನು ಯಾರೂ ಕಲಿಸುವುದಿಲ್ಲ. ಬಿದ್ದು ಬಿದ್ದು ತಾನೇ ಕಲಿಯುತ್ತದೆ. ಥರ್ಮನ್ ಕೊಲ್ಲಿಸುತ್ತಿದ್ದುದು ಅಂಥವನ್ನೇ.

ಪ್ರತಿ ಮಾರ್ಚಿನಲ್ಲಿ ಅವನ ಮನೆಯಲ್ಲಿ ಛತ್ರಿಯ ದಿನ ಎಂದೊಂದು ಇರುತ್ತಿತ್ತು. ಅಕ್ಕಪಕ್ಕದವರೆಲ್ಲ ಪೀಕನ್ ಪೈ, ಮೆಕ್ಕೆಜೋಳದ ಬ್ರೆಡ್ಡು ಕಟ್ಟಿಕೊಂಡು ಬರುತ್ತಿದ್ದರು. ಥರ್ಮನ್ ಹಲಗೆ ಬೇಲಿಯ ಚಿಕ್ಕ ಅಂಗಳಕ್ಕೆ ಒಂದೊಂದೇ ಮೇಕೆಯನ್ನು ಬಿಟ್ಟು, ಅದರ ಮೂತಿಯೆದುರು ಕರಿ ಛತ್ರಿಯನ್ನು ಫಟ್ಟನೆ ಬಿಚ್ಚುತ್ತಿದ್ದ. ಬಿದ್ದರೆ ಚಪ್ಪಾಳೆ, ಆ ಮೇಕೆ ತಳಿಗೆ ಉಳಿಯಿತು. ಬೇಲಿಗೆ ಒರಗಿ ನಿಂತರೆ ಬೆನ್ನ ಮೇಲೆ ನೀಲಿ ಸೀಮೆಸುಣ್ಣದ ಗೆರೆ. ಗೆರೆ ಬಿದ್ದವೆಲ್ಲ ಮರುದಿನ ಕಟುಕರ ಲಾರಿ ಹತ್ತುತ್ತಿದ್ದವು. ಹೀಗಾಗಿ ಅವನಲ್ಲಿ ಬಲಿತ ಮೇಕೆಗಳೇ ಇರುತ್ತಿರಲಿಲ್ಲ.

ಒಂದು ಮಾತ್ರ ಇತ್ತು, ಬಟನ್. ಥರ್ಮನ್‌ನ ಹೆಂಡತಿ ಅರ್ಲೀನ್ ಸಾಕಿದ್ದು. ಬಟನ್‌ನ ತಾಯಿ ಈಯುತ್ತಿದ್ದಾಗ ಗುಡುಗಿತು. ತಾಯಿ ಸೆಟೆದು ಬಿದ್ದದ್ದು ಆಗಷ್ಟೇ ಹುಟ್ಟಿದ್ದ ಮೊದಲ ಮರಿಯ ಮೇಲೆ. ಅದು ಸತ್ತೇಹೋಯಿತು. ಎರಡನೆಯದನ್ನು ಅರ್ಲೀನ್ ಏಪ್ರನ್ನಿನಲ್ಲಿ ಸುತ್ತಿಕೊಂಡು ಬಂದು, ಒಲೆಯ ಪಕ್ಕದಲ್ಲಿಟ್ಟು ಬಾಟಲಿ ಹಾಲು ಕುಡಿಸಿ ಬದುಕಿಸಿದಳು. ಅದು ಅವಳ ಹಿಂದೆಯೇ ಚರ್ಚಿನ ಬಾಗಿಲವರೆಗೂ ಹೋಗುತ್ತಿತ್ತು. ಬಟನ್ ಬೇಗನೆ ಒರಗಲು ಕಲಿತಿತು. ಛತ್ರಿಯ ದಿನ ಬಂತೆಂದರೆ ಅರ್ಲೀನ್ ಒಂದು ಸಲ ಗಬ್ಬ ಎನ್ನುತ್ತಿದ್ದಳು, ಇನ್ನೊಂದು ಸಲ ಕೆಚ್ಚಲು ಬಾವು ಎನ್ನುತ್ತಿದ್ದಳು. ಆ ವರ್ಷ ಥರ್ಮನ್‌ಗೆ ತಾಳ್ಮೆ ತಪ್ಪಿತು.

"ಈ ಸಲ ಬಟನ್ನೂ ಛತ್ರಿ ಮುಂದೆ ಬರುತ್ತೆ," ಎಂದ. ನಾನು ಅವರ ಅಡುಗೆಮನೆಯಲ್ಲೇ ಕುಳಿತಿದ್ದೆ.

"ಅದೊಂದನ್ನ ಬಿಟ್ಬಿಡು ಥರ್ಮನ್. ಹಿತ್ತಲಲ್ಲಿ ಅದರ ಪಾಡಿಗೆ ಬಿದ್ದಿರುತ್ತೆ," ಎಂದಳು ಅರ್ಲೀನ್.

"ಬೀಳಲ್ವಲ್ಲೇ, ಅದೇ ತಾನೆ ತೊಂದ್ರೆ!" ತನ್ನ ಮಾತಿಗೆ ತಾನೇ ನಕ್ಕ. "ನೋಡು, ಅದು ನಿಂತ್ರೆ ಅದರ ಮರೀನೂ ನೋಡಿ ನಿಲ್ಲುತ್ತೆ. ಆಮೇಲೆ ನನ್ನ ಹತ್ರ ಉಳಿಯೋದು ಬರೀ ಮೇಕೆ. ಬರೀ ಮೇಕೆ ಯಾರಿಗ್ ಬೇಕು?"

"ಬೀಳದೆ ಇರೋದೂ ಒಂದು ತಪ್ಪಾ?"

"ನಾನೇನು ಹೊಡೀತೀನಾ, ಬಡೀತೀನಾ? ದೇವರು ಮಾಡಿದ್ದೇ ಹಾಗೆ."

ನನಗೆ ತಡೆಯಲಾಗಲಿಲ್ಲ. "ದೇವರು ಒಂದೋ ಎರಡೋ ಮಾಡಿರ್ಬೋದು ಕಣಯ್ಯ. ದೊಡ್ಡಿ ತುಂಬ ಮಾಡಿದ್ದು ನೀನು. ನನಗೇ ಮಾರ್ಬಿಡು ಅದನ್ನ."

"ನಿನ್ನ ಹಿತ್ತಲಲ್ಲಿ ಅದು ನಿಂತಿದ್ದು ನೋಡಿ, ಟಿಡ್‌ವೆಲ್ ಮೇಕೆ ಬೀಳಲ್ಲ ಅಂತ ಊರೆಲ್ಲ ಆಡಿಕೊಳ್ಳೋಕಾ? ವರ್ನಕ್ಕಾ, ನಿನ್ನ ಕಾಫಿ ಆರ್ತಾ ಇದೆ, ಕುಡಿ."

ಅವನ ಹತ್ತಿರ ಮಾತಾಡುವುದಕ್ಕಿಂತ ಹಲಗೆ ಬೇಲಿಯ ಹತ್ತಿರ ಮಾತಾಡುವುದು ಮೇಲು.

ಮರುದಿನದಿಂದ ಹುಲ್ಲುಗಾವಲಿನ ನಟ್ಟನಡುವೆ ಟಣಟಣ ಸದ್ದು ಕೇಳತೊಡಗಿತು. ಹೋಗಿ ನೋಡಿದರೆ ಅರ್ಲೀನ್ ಒಂದು ಕೈಯಲ್ಲಿ ತಗಡಿನ ಮುಚ್ಚಳ, ಇನ್ನೊಂದರಲ್ಲಿ ಕಬ್ಬಿಣದ ಸೌಟು ಹಿಡಿದು ನಿಂತಿದ್ದಾಳೆ. ಬೇಲಿಯಿಲ್ಲ, ಗೋಡೆಯಿಲ್ಲ, ಮರವೂ ಇಲ್ಲ. ಅವಳು ಮುಚ್ಚಳ ಬಡಿದಳು. ಬಟನ್ ಬೆಚ್ಚಿ ಅತ್ತಿತ್ತ ನೋಡಿ, ಬೇರೇನೂ ಸಿಗದೆ ಓಡಿಬಂದು ಅರ್ಲೀನಳ ಮೊಣಕಾಲಿಗೇ ಮೈ ಆನಿಸಿತು. ಅವಳು ತಟ್ಟನೆ ಪಕ್ಕಕ್ಕೆ ಸರಿದಳು. ಬಟನ್ ಕಲ್ಲಿನ ಮೇಲೆ ಬಿತ್ತು.

"ಏನೇ ಇದು? ನಿನಗೂ ಗಂಡನ ಚಾಳಿ ಹತ್ತಿತಾ?"

"ಬಿದ್ರೆ ಬದುಕುತ್ತೆ ಅಕ್ಕಾ." ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು. "ಛತ್ರಿ ಮುಂದೆ ಒಂದೇ ಒಂದು ಸಲ ಬಿದ್ಬಿಟ್ರೆ ಸಾಕು. ಆಮೇಲೆ ಅದಕ್ಕೆ ಜನ್ಮದಲ್ಲಿ ಇಂಥ ಕಷ್ಟ ಕೊಡಲ್ಲ."

"ಅದು ನಿನ್ನನ್ನ ನಂಬಿ ಬಂತಲ್ಲೇ."

"ಗೊತ್ತು. ಅದಕ್ಕೇ ಸರೀಬೇಕು. ನಾನೇ ಅದಕ್ಕೆ ಗೋಡೆಯಾಗಿ ನಿಂತ್ರೆ ಅದು ಯಾವತ್ತೂ ಬೀಳಲ್ಲ."

ನೋಡಲಾಗದೆ ನಾನು ಮನೆಗೆ ಬಂದೆ. ಆದರೆ ಸದ್ದು ನನ್ನ ಅಡುಗೆಮನೆಗೂ ಕೇಳುತ್ತಿತ್ತು. ಬಡಿಯುವುದು, ಸುಮ್ಮನಾಗುವುದು, ಮತ್ತೆ ಬಡಿಯುವುದು. ಒಂದು ವಾರ ಕಳೆಯುವಷ್ಟರಲ್ಲಿ ಬಟನ್ ಅವಳ ಕಡೆ ಓಡಿಬರುವುದನ್ನು ಬಿಟ್ಟಿತು. ಸೌಟು ಎತ್ತಿದರೆ ಸಾಕು, ನಿಂತಲ್ಲೇ ದೊಪ್ಪನೆ ಬೀಳುತ್ತಿತ್ತು. ಅರ್ಲೀನ್ ಬಿದ್ದದ್ದರ ಪಕ್ಕ ಕುಳಿತು ಕಿವಿ ಸವರುತ್ತಿದ್ದಳು. ಏಳಲಾಗದ ಕಾರಣ ಅದು ಸವರಿಸಿಕೊಳ್ಳುತ್ತಿತ್ತು.

ಛತ್ರಿಯ ದಿನ ಜನ ಚೆನ್ನಾಗಿಯೇ ಸೇರಿದ್ದರು. ಗುಡ್ಡದ ಕ್ಲೋವಿಸ್ ಪೆಟಸ್ ಕೂಡ ಬಂದಿದ್ದ. ಕ್ಲೋವಿಸ್ ಕುರಿ ಸಾಕುವವನು. ಅವನ ಕುರಿಗಳಿಗೆ ಕಾಯೋಟಿ ತೋಳಗಳ ಕಾಟ. ಹಾಗಾಗಿ ಹಿಂದಿನವರು ಮಾಡುತ್ತಿದ್ದ ಹಾಗೆಯೇ ಅವನೂ ಪ್ರತಿವರ್ಷ ಥರ್ಮನ್‌ನಿಂದ ಒಂದು ಮರಿ ಒಯ್ದು ಹಿಂಡಿನಲ್ಲಿ ಬಿಡುತ್ತಿದ್ದ. ತೋಳ ಬಂದಾಗ ಕುರಿಗಳು ಓಡುತ್ತವೆ, ಮೇಕೆ ಬೀಳುತ್ತದೆ. ತೋಳ ಮೇಕೆಯ ಹತ್ತಿರ ನಿಲ್ಲುತ್ತದೆ. ಇದು ನಮ್ಮಲ್ಲಿ ಯಾರಿಗೂ ಹೊಸದಲ್ಲ.

"ಮರಿ ಎರಡು ತುತ್ತಿಗೆ ಮುಗಿದುಹೋಗುತ್ತೆ ಮಾರಾಯಾ, ಆಮೇಲೆ ತೋಳಗಳು ಕುರಿ ಹಿಂದೇನೇ ಬರ್ತವೆ," ಎಂದು ಕ್ಲೋವಿಸ್ ಎಂದಿನಂತೆ ಗೊಣಗಿದ. "ನನಗೆ ಬೆಳೆದಿದ್ದು ಬೇಕು. ಬೀಳೋದೂ ಬೇಕು."

"ಗಡ್ಡ ಬಂದ ಹಸುಗೂಸು ಬೇಕು ಅನ್ನು!" ಎಂದ ಥರ್ಮನ್. ಎಲ್ಲರೂ ನಕ್ಕರು. ಪ್ರತಿವರ್ಷ ನಗುತ್ತಿದ್ದ ತಮಾಷೆಯೇ. ಪೈ ಕತ್ತರಿಸುತ್ತಿದ್ದ ಅರ್ಲೀನಳೂ ನಕ್ಕಳು. ಅವಳ ತಲೆಯಲ್ಲಿ ಲಾರಿ ಬಿಟ್ಟರೆ ಬೇರೇನೂ ಇರಲಿಲ್ಲ.

ಬಟನ್‌ನ ಸರದಿ ಬಂತು. ಥರ್ಮನ್ ಸೀಮೆಸುಣ್ಣವನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡಿದ್ದ. ಛತ್ರಿ ಫಟ್ಟೆಂದಿತು. ಬೇಲಿ ಒಂದು ಮೊಳ ದೂರದಲ್ಲಿತ್ತು. ಬಟನ್ ಅದರತ್ತ ತಿರುಗಿಯೂ ನೋಡದೆ ನಿಂತಲ್ಲೇ ನಾಲ್ಕು ಕಾಲು ಮೇಲೆ ಮಾಡಿ ಬಿತ್ತು. ಜನ ಕೂಗಿ ಚಪ್ಪಾಳೆ ತಟ್ಟಿದರು. ಅರ್ಲೀನ್ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಳು. "ಬದುಕಿತು ಅಕ್ಕಾ," ಎಂದಳು.

ಆ ಸುಖ ಅವಳಿಗೆ ಪೈ ತಿನ್ನುವಷ್ಟು ಹೊತ್ತೂ ಉಳಿಯಲಿಲ್ಲ.

"ಅದನ್ನ ಕೊಡು ನನಗೆ," ಎಂದ ಕ್ಲೋವಿಸ್, ಬೇಲಿ ಹತ್ತಿ ನಿಂತುಕೊಂಡು. "ಮೈ ನೋಡು ಅದರದ್ದು! ನಾಲ್ಕು ತೋಳಕ್ಕೆ ಒಂದು ರಾತ್ರಿಗೆ ಸಾಕು."

ಥರ್ಮನ್ ಛತ್ರಿ ಮಡಚಿದ. "ತಗೊಂಡ್ ಹೋಗು."

ಅರ್ಲೀನ್ ಬೇಲಿ ದಾಟಿ ಒಳಗೆ ಓಡಿದಳು. "ಬೇಡ! ಬಿದ್ದಿದ್ದು ಉಳಿಯುತ್ತೆ ಅಂದಿದ್ದೆ ನೀನು!"

"ಲಾರಿಗೆ ಹಾಕ್ತಿಲ್ವಲ್ಲ. ಹುಲ್ಲು ಮೇಯ್ಕೊಂಡು ಗುಡ್ಡದಲ್ಲಿರುತ್ತೆ."

"ಅದು ಬೀಳೋ ಮೇಕೆ ಅಲ್ಲ ಥರ್ಮನ್! ಒರಗೋದು ಅದು. ನಾನೇ ಮುಚ್ಚಳ ಬಡಿದು ಬಡಿದು ಬೀಳಿಸಿದ್ದು. ಬೇಕಾದ್ರೆ ಗೆರೆ ಎಳಿ ಅದಕ್ಕೆ, ಗುಡ್ಡಕ್ಕೆ ಮಾತ್ರ ಬೇಡ!"

ಕಟುಕನ ಕತ್ತಿಯನ್ನೇ ಬೇಡಿಕೊಳ್ಳುವಂತಾಯಿತು ಅವಳ ಗತಿ. ಕತ್ತಿಯಾದರೂ ಬೇಗ ಮುಗಿಸುತ್ತದೆ. ತೋಳಗಳಿಗೆ ಅವಸರವಿಲ್ಲ, ಬಿದ್ದ ಮೇಕೆಗೆ ಪೂರ್ತಿ ಎಚ್ಚರ.

ಥರ್ಮನ್‌ಗೆ ಮೋಜೆನಿಸಿತು. "ಹೌದಾ? ನಿನಗೆ ಒರಗಿ ನಿಲ್ಲುತ್ತಾ? ಸರಿ, ನಿಲ್ಲಿಸು ನೋಡೋಣ. ನಿಂತ್ರೆ ನಿನ್ನ ಹತ್ರಾನೇ ಇರ್ಲಿ. ನೀವೆಲ್ಲ ಸಾಕ್ಷಿ ಕಣ್ರಪ್ಪಾ."

ಅಷ್ಟರಲ್ಲಿ ಬಟನ್ ಎದ್ದು ನಿಂತಿತ್ತು. ಅರ್ಲೀನ್ ಬಟನ್‌ನ ಪಕ್ಕ ಹೋಗಿ, ಕಾಲು ಊರಿ, ಮೊಣಕಾಲು ಗಟ್ಟಿ ಮಾಡಿ ನಿಂತಳು. ಬಟನ್‌ನ ಬದುಕಿಗೂ ಅವಳ ಲಂಗಕ್ಕೂ ನಡುವೆ ಒಂದು ಗೇಣು ಜಾಗವಿತ್ತು. "ಬಾ ಪುಟ್ಟಾ, ಬಾ. ಈ ಸಲ ಸರಿಯಲ್ಲ. ಆಣೆ ಮಾಡಿ ಹೇಳ್ತೀನಿ, ಸರಿಯಲ್ಲ," ಎಂದು ಮೆಲ್ಲಗೆ ಹೇಳುತ್ತಿದ್ದಳು.

ಛತ್ರಿ ಬಿಚ್ಚಿತು.

ಬಟನ್ ತಲೆಯೆತ್ತಿ ಅವಳ ಮುಖ ನೋಡಿತು. ಆಮೇಲೆ ಅವಳಿಗೆ ಬೆನ್ನು ಮಾಡಿ ಆಚೆ ಬದಿಗೆ ಬಿತ್ತು.

ಆಗ ಎದ್ದ ನಗು ನಾನು ಸಾಯುವವರೆಗೂ ನನ್ನ ಕಿವಿಯಿಂದ ಹೋಗುವುದಿಲ್ಲ. ಭಾನುವಾರ ನನ್ನ ಪಕ್ಕದಲ್ಲಿ ಕುಳಿತು ಪ್ರಾರ್ಥನೆ ಮಾಡುವವರೇ ಅವರೆಲ್ಲ. ಬಟನ್ ಸೆಟೆತ ಬಿಟ್ಟು ಏಳುವಷ್ಟರಲ್ಲಿ ಕ್ಲೋವಿಸ್ ಅದರ ಕೊರಳಿಗೆ ಹಗ್ಗ ಹಾಕಿ ಆಗಿತ್ತು.

ಹುಲ್ಲು ಇನ್ನೂ ಮೊಣಕಾಲೆತ್ತರ ಬೆಳೆದಿರಲಿಲ್ಲ, ಕ್ಲೋವಿಸ್ ಕುರಿಮರಿಯ ಒಂದು ತೊಡೆ ಹಿಡಿದುಕೊಂಡು ಥರ್ಮನ್‌ನ ಮನೆಗೆ ಬಂದ. ನಾನೂ ಆಗ ಅಲ್ಲೇ ಇದ್ದೆ. ಅರ್ಲೀನಳಿಗೆಂದೇ ತಂದಿದ್ದ. ಟೋಪಿ ತೆಗೆದು ಮರ್ಯಾದೆಯಿಂದಲೇ ಮಾತಾಡಿದ.

"ಅಂಥ ಮೇಕೆ ನಾನು ಕಂಡಿಲ್ಲ ಕಣಮ್ಮಾ. ತೋಳಗಳು ಬೆಳಗಿನವರೆಗೂ ಅದರ ಹತ್ರಾನೇ ಇದ್ವು. ನನ್ನದು ಒಂದು ಕುರೀನೂ ಹೋಗ್ಲಿಲ್ಲ."

ಅರ್ಲೀನ್ ಮಾಂಸವನ್ನು ತೆಗೆದುಕೊಂಡಳು. ಥರ್ಮನ್ ಮೇಜಿನ ಮುಂದೆ ಕುಳಿತಿದ್ದ, ಆದ್ದರಿಂದ ಬೇಯಿಸಿದಳು. ಅವನು ಹೊಟ್ಟೆ ತುಂಬ ಉಂಡು, ಗೋಡೆಯ ಮೊಳೆಯಿಂದ ತಗಡಿನ ಮುಚ್ಚಳವನ್ನು ತೆಗೆದು ಅವಳ ತಟ್ಟೆಯ ಪಕ್ಕ ಇಟ್ಟ.

"ನಿನ್ನ ಕೈಗುಣ ಚೆನ್ನಾಗಿದೆ ಕಣೇ. ಕ್ಲೋವಿಸ್‌ನ ಅಣ್ಣನಿಗೂ ಅಂಥದ್ದೊಂದು ಬೇಕಂತೆ. ಈಗೀಗ ಒರಗೋಕೆ ಕಲಿತ ದೊಡ್ಡವು ಯಾವುದಿವೆ ನೋಡಿ ಶುರು ಮಾಡು."

ಅವಳು ಮುಚ್ಚಳವನ್ನು ಅಲ್ಲೇ ಬಿಟ್ಟು, ಮೇವಿನ ಬಕೆಟ್ ಎತ್ತಿಕೊಂಡು ದೊಡ್ಡಿಗೆ ಹೋದಳು. ನಾನೂ ಹಿಂದೆ ಹೋದೆ. ಮೊದಲೆಲ್ಲ ಆ ಬಕೆಟ್ ಕಂಡರೆ ಮೇಕೆಗಳು ಒಂದರ ಮೇಲೊಂದು ಬಿದ್ದು ಓಡಿಬರುತ್ತಿದ್ದವು. ಹುಲ್ಲುಗಾವಲಿನ ಸದ್ದನ್ನು ಅವೂ ದಿನವೂ ಕೇಳಿದ್ದವಲ್ಲ. ಅರ್ಲೀನ್ ಬಾಗಿಲು ತೆಗೆದು ಮೆತ್ತಗೆ ಕರೆದಳು. ಒಂದೂ ಹತ್ತಿರ ಬರಲಿಲ್ಲ. ಚಿಕ್ಕವು ನಿಂತಲ್ಲೇ ಬಿದ್ದವು. ಈಚೆಗೆ ಒರಗಲು ಕಲಿತಿದ್ದ ದೊಡ್ಡವು ಕಾಲು ಅಗಲಿಸಿ, ಬೇಲಿಗೆ ಮೈ ಆನಿಸಿ, ಅವಳ ಕೈಯನ್ನೇ ನೋಡುತ್ತ ನಿಂತವು.