ಬಟ್ಟೆ ಬೋಗುಣಿ

"ಇಷ್ಟು ಚೊಕ್ಕಟವಾಗಿ ಮುಖ ತೊಳ್ಕೊಂಡು ಬಂದ್ರೆ ಹೇಗೆ ಮಿಜೆಲ್ಲಿ? ಜನ ಜಿಪ್ಸಿ ನೋಡೋಕೆ ಬರ್ತಾರೆ, ಪಾದ್ರಿ ಹೆಂಡ್ತೀನಲ್ಲ. ಸ್ವಲ್ಪ ಮಸಿ ಇರ್ಲಿ," ಎನ್ನುತ್ತ ಟ್ರೆವ್ಸ್ ಮೇಡಂ ಒಲೆಯ ಬೂದಿಯನ್ನು ತಾವೇ ಮುದುಕಿಯ ಕೆನ್ನೆಗೆ ಸವರಿದರು. ಸವರಿದ ಬೆರಳನ್ನು ಕೂಡಲೇ ಕರವಸ್ತ್ರಕ್ಕೆ ಒರೆಸಿಕೊಂಡರು. ಬೂದಿ ಮುಟ್ಟಿದ್ದಕ್ಕೋ, ಕೆನ್ನೆ ಮುಟ್ಟಿದ್ದಕ್ಕೋ, ದೇವರಿಗೇ ಗೊತ್ತು.

ಅವತ್ತು ಮೇಡಂ ನಡೆಸುವ ಕಾಡಿನ ಪರಂಪರೆ ಮಂಡಳಿಯ ಹಬ್ಬ. ಓಕ್ ಮರಗಳ ಕೆಳಗೆ ಹಸಿ ಕಡ್ಡಿಗಳನ್ನು ಬಗ್ಗಿಸಿ, ಕಂಬಳಿ ಹೊದಿಸಿ ಒಂದು ಗುಡಾರ ಮಾಡಿದ್ದರು. ಅದರ ಮುಂದೆ ಮಿಜೆಲ್ಲಿ ಕೂರಬೇಕು. ಅವಳು ಹುಟ್ಟಿದ್ದೂ ಇದೇ ಜಾಗದಲ್ಲಿ. ಸರ್ಕಾರದವರು ಗುಡಾರಕ್ಕೆ ಬೆಂಕಿ ಇಟ್ಟು ಅವಳ ಅವ್ವನನ್ನು ಓಡಿಸಿದ್ದೂ ಇಲ್ಲಿಂದಲೇ. ಈಗ ಅವ್ವನ ಫೋಟೊ ಹಲಗೆಯ ಮೇಲೆ ಮೆರೆಯುತ್ತಿತ್ತು, ಕೆಳಗೆ 'ಹೆಸರು ತಿಳಿಯದ ಅಲೆಮಾರಿ ಹೆಂಗಸು' ಎಂದು ಬರೆದಿತ್ತು. ಮಗಳನ್ನೊಂದು ಮಾತು ಕೇಳೋಣ ಎಂದು ಯಾವ ಪುಣ್ಯಾತ್ಮನಿಗೂ ಅನ್ನಿಸಿರಲಿಲ್ಲ.

ಮಿಜೆಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದು ಸೊಸೆ ಲಿಯಾಂಡ್ರಾಳಿಗಾಗಿ. ಅವಳು ತುಂಬಿದ ಬಸುರಿ. ಹಬ್ಬದಲ್ಲಿ ತಾವು ಹೇಳಿದಂತೆ ಮುದುಕಿ ಕೇಳಿದರೆ ಕಾಡಂಚಿನಲ್ಲಿ ನಿಂತಿದ್ದ ಅವರ ಗಾಡಿಮನೆಯನ್ನು ಹೆರಿಗೆಯವರೆಗೂ ಎಬ್ಬಿಸುವುದಿಲ್ಲ ಎಂದು ಮೇಡಂ ಮಾತು ಕೊಟ್ಟಿದ್ದರು. ಇಲ್ಲದಿದ್ದರೆ ಗಾಡಿಯನ್ನು ಎಳೆದೊಯ್ಯುವ ಲಾರಿ ಬರುತ್ತದೆ.

"ಎಲ್ಲ ನುಂಗ್ಕೊ ಅತ್ತೆ," ಎಂದಿದ್ದಳು ಲಿಯಾಂಡ್ರಾ. "ರಸ್ತೆ ಪಕ್ಕದಾಗೆ ಹೆರಕ್ಕಾಯ್ತದಾ?"

"ನುಂಗ್ತೀನಿ ಬುಡವ್ವ. ಇಷ್ಟು ಕಾಲ ಇನ್ನೇನ್ ಮಾಡಿವ್ನಿ."

ಮಧ್ಯಾಹ್ನ ಮೊಲದ ಸಾರು ಬಂತು. 'ಜಿಪ್ಸಿ ಊಟ' ಎಂದು ಚೀಟಿ ಸಿಕ್ಕಿಸಿದ್ದರು. ನೋಡಲು ಚೆಂದವಿರಲಿ ಎಂದು ಮಂಡಳಿಯ ಆಳುಗಳು ಗಾಡಿಯ ಕೆಳಗಿದ್ದ ಹಳೇ ಪಾತ್ರೆಗಳನ್ನು ಹೇಳದೆ ಕೇಳದೆ ಎತ್ತಿಕೊಂಡು ಬಂದಿದ್ದರು. ಸಾರು ಇದ್ದದ್ದು ನೀಲಿ ಅಂಚಿನ ಅಗಲ ಬೋಗುಣಿಯಲ್ಲಿ. ಕಂಡದ್ದೇ ಮಿಜೆಲ್ಲಿ ಅದರ ಗುರುತು ಹಿಡಿದಳು.

ಅವಳ ಕುಲದಲ್ಲಿ ಊಟದ ಪಾತ್ರೆ ತೊಳೆಯುವ ಬೋಗುಣಿಯೇ ಬೇರೆ, ಬಟ್ಟೆಯದೇ ಬೇರೆ. ಒಂದರ ಕೆಲಸ ಇನ್ನೊಂದರಲ್ಲಿ ಆದರೆ ಮೈಲಿಗೆ. ಇದು ಹೆಂಗಸರ ಒಳಬಟ್ಟೆ ಒಗೆಯುವ, ಕಾಲು ತೊಳೆಯುವ ಬೋಗುಣಿ. ಹಿಂದಿನ ಸಂಜೆ ಲಿಯಾಂಡ್ರಾಳ ಒಳಲಂಗ ನೆನೆಸಿಟ್ಟದ್ದು ಇದರಲ್ಲೇ.

"ಅಮ್ಮೋರೆ, ಅದ್ರಾಗೆ ಉಣ್ಣಬ್ಯಾಡಿ," ಎಂದು ಮುದುಕಿ ಎದ್ದಳು. "ಅದು ಚಡ್ಡಿ ಒಗೆಯೋ ಬೋಗುಣಿ."

ಮೇಡಂ ನಕ್ಕರು. "ಸೋಪು ಹಾಕಿ ತೊಳೆದಿದಾರೆ, ಬಿಡು. ಮುಳ್ಳುಹಂದಿ ತಿಂದು ಬೆಳೆದೋರಿಗೆ ಇದೆಂಥಾ ಮಡಿ?" ಅತಿಥಿಗಳ ಕಡೆ ತಿರುಗಿ, "ಇವರಲ್ಲಿ ಮೂಢನಂಬಿಕೆ ಜಾಸ್ತಿ," ಎಂದರು. ಗಡ್ಡದವನೊಬ್ಬ ಗಡ್ಡಕ್ಕೆ ಮೆತ್ತಿದ ಜಿಡ್ಡನ್ನು ನೆಕ್ಕಿಕೊಂಡು, ಇನ್ನೂ ಸ್ವಲ್ಪ ಬಡಿಸಿ ಎಂದ.

"ಗಬ್ಬು ನನ್ಮಕ್ಳು," ಎಂದು ಗೊಣಗಿದಳು ಮಿಜೆಲ್ಲಿ.

"ಈಗ ನೀನೂ ಒಂದು ತುತ್ತು ತಿನ್ನು. ಫೋಟೊ ಬೇಕು," ಎಂದರು ಮೇಡಂ.

"ಒಲ್ಲೆ ಕಣವ್ವ."

ಮೇಡಂ ಬಗ್ಗಿದರು. ಕ್ಯಾಮೆರಾಕ್ಕೆ ಹಿಡಿದ ನಗು ಹಾಗೇ ಇತ್ತು. "ತಿನ್ನದಿದ್ರೆ ಈಗ್ಲೇ ಲಾರಿ ಕರೆಸ್ತೀನಿ. ನಿನ್ನ ಸೊಸೆ ಯಾವ ಮೋರೀಲಿ ಬೇಕಾದ್ರೂ ಹೆರಲಿ."

ಗುಡಾರದ ಮಗ್ಗುಲಲ್ಲಿ ಸೊಂಟ ಹಿಡಿದು ನಿಂತಿದ್ದ ಲಿಯಾಂಡ್ರಾಳಿಗೂ ಇದು ಕೇಳಿಸಿತು. ಅವಳು ಬೋಗುಣಿಯನ್ನು ನೋಡಿದಳು, ಅದರಲ್ಲಿ ಸೌಟು ಆಡಿಸುತ್ತಿದ್ದ ಕೈಯನ್ನು ನೋಡಿದಳು, ಪಕ್ಕಕ್ಕೆ ತಿರುಗಿ ಉಗಿದಳು.

"ಅದ್ನ ತಿಂದು ಬಂದು ನನ್ ಕೂಸ ಮುಟ್ಟಬ್ಯಾಡ ಅತ್ತೆ," ಎಂದಳು. "ನಾನು ಸಾಮಾನು ಕಟ್ತೀನಿ." ಹೊಟ್ಟೆ ಹೊತ್ತುಕೊಂಡು ಗಾಡಿಯ ಕಡೆ ನಡೆದಳು.

ಮಿಜೆಲ್ಲಿಯ ಎದೆ ಹಗುರಾಯಿತು. "ಕೊಡಿ ಇಲ್ಲಿ," ಎಂದು ಬೋಗುಣಿಯನ್ನು ಎಳೆದುಕೊಂಡು ಮುಂದೆ ಇಟ್ಟುಕೊಂಡಳು. ಫೋಟೊದವನು ಮಂಡಿಯೂರಿದ.

"ಹಳೇ ಪದ್ಧತಿ ತೋರ್ಸು ಅಂದ್ರಲ್ಲ ಅಮ್ಮೋರೆ, ನೋಡ್ಕಳಿ," ಎಂದು ಬೂಟು ಬಿಚ್ಚಿದಳು. ಕಾಲುಚೀಲ ಎಳೆದು ತೆಗೆದಳು. ಎರಡೂ ಪಾದಗಳನ್ನು ಸಾರಿನೊಳಗೆ ಇಳಿಸಿದಳು. ಸಾರು ಉಗುರುಬೆಚ್ಚಗಿತ್ತು. ಬೆರಳ ಸಂದಿಯಲ್ಲಿ ಕ್ಯಾರೆಟ್ ಚೂರು ತೇಲಿ ಬಂದು ನಿಂತಿತು.

"ಇದು ಇರಾದು ಇದ್ಕೆ. ಸರಿಯಾಗಿ ತೆಗಿಯಪ್ಪ ಫೋಟೊವ."

ಮೇಡಂ ಫೋನಿನಲ್ಲಿ ಲಾರಿಗೆ ದಾರಿ ಹೇಳುತ್ತಿದ್ದರು. ಬಾಯಿ ತುಂಬ ಸಾರಿದ್ದ ಗಡ್ಡದವನಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಮಿಜೆಲ್ಲಿ ಒಂದು ಹಿಮ್ಮಡಿ ಉಜ್ಜಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದಳು.