ಎಂಬತ್ತು ಮರ

ತೋಂಟದಾರ್ಯನಿಗೆ ಇದ್ದದ್ದು ಹದಿನೆಂಟು ತೆಂಗಿನ ಮರ. ಶೆಟ್ಟಿಕೆರೆಯಲ್ಲಿ ಇದು ಗುಟ್ಟೇನಲ್ಲ. ಯಾರ ತೋಟದಲ್ಲಿ ಎಷ್ಟು ಮರ, ಅದರಲ್ಲಿ ಎಷ್ಟು ಸರಿಯಾಗಿ ಕಾಯಿ ಕಟ್ಟುತ್ತವೆ ಎಂಬುದು ಊರಿಗೆ ಬಾಯಿಪಾಠ.

ಅವನ ಕಿರಿಯ ಮಗಳು ಸುವರ್ಣ ಎಂಬತ್ತೊಂದರಲ್ಲಿ ಪಿಯುಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದಳು. ತಿಪಟೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತ್ತು, ಹಾಸ್ಟೆಲಿನಲ್ಲಿ ಮಂಚವೂ ಸಿಕ್ಕಿತ್ತು. ದುಡ್ಡು ಮಾತ್ರ ಇರಲಿಲ್ಲ. ಅದಕ್ಕೆ ಸರ್ಕಾರದ ವಿದ್ಯಾರ್ಥಿವೇತನವಿತ್ತು, ಬಡವರೆಂದು ಕಾಗದದಲ್ಲಿ ಸಾಬೀತಾದರೆ. ಆದಾಯದ ಸರ್ಟಿಫಿಕೇಟು ಜುಲೈ ಇಪ್ಪತ್ತೈದರ ಶನಿವಾರದೊಳಗೆ ಕಾಲೇಜಿಗೆ ಮುಟ್ಟಬೇಕು. ಸುವರ್ಣ ಆಗಲೇ ಹಾಸ್ಟೆಲಿನ ನಿಯಮಗಳ ಹಾಳೆಯನ್ನು ಉರು ಹೊಡೆದಿದ್ದಳು. ಎಂಟು ಗಂಟೆಯ ಮೇಲೆ ದೀಪ ಉರಿಸುವುದಕ್ಕೆ ಅನುಮತಿ ಬೇಕು ಎಂಬ ಏಳನೆಯ ನಿಯಮವನ್ನು ಓದಿದಾಗ ಅವಳಿಗೆ ಅನುಮತಿ ಕೇಳುವ ಧಾಟಿಯೂ ಸಿದ್ಧವಾಗಿತ್ತು.

ಆದಾಯದ ವಿಚಾರಣೆಗೆ ರೆವಿನ್ಯೂ ಇನ್ಸ್‌ಪೆಕ್ಟರು ಊರ ಚಾವಡಿಗೆ ಬಂದ ದಿನವೇ ಹಾಲ್ಕುರಿಕೆಯ ಕೊಬ್ಬರಿ ವ್ಯಾಪಾರಿ ಮರುಳಪ್ಪನೂ ಅಲ್ಲಿ ಬಂದು ಕೂತಿದ್ದ. ಅವನ ಮಗನಿಗೆ ತೋಂಟದಾರ್ಯನ ಹಿರಿಯ ಮಗಳು ಮೀನಾಕ್ಷಿಯನ್ನು ಕೇಳುವ ಮಾತು ನಡೆದಿತ್ತು. ಮೀನಾಕ್ಷಿಗೆ ಇಪ್ಪತ್ತೈದು ದಾಟಿತ್ತು, ನಾಲ್ಕು ಕಡೆಯವರು ನೋಡಿಕೊಂಡು ಹೋಗಿದ್ದರು.

"ಮರ ಎಷ್ಟ್ರೀ?" ಎಂದರು ಇನ್ಸ್‌ಪೆಕ್ಟರು, ತಲೆಯೆತ್ತದೆ.

ತೋಂಟದಾರ್ಯ ಇನ್ಸ್‌ಪೆಕ್ಟರನ್ನು ನೋಡಿದ. ಮರುಳಪ್ಪನನ್ನು ನೋಡಿದ. "ಒಂದೆಂಬತ್ತು ಅವೆ ಸ್ವಾಮಿ" ಎಂದ.

ಪಹಣಿ ತೆರೆದು ನೋಡುವ ತೊಂದರೆ ಇನ್ಸ್‌ಪೆಕ್ಟರಿಗೆ ಬೇಕಿರಲಿಲ್ಲ. ಕಡಿಮೆ ಹೇಳುವವರ ಮೇಲೆ ಬರುವ ಅನುಮಾನ ಹೆಚ್ಚು ಹೇಳುವವರ ಮೇಲೆ ಬರುವುದಿಲ್ಲ. ಚಾವಡಿಯಲ್ಲಿದ್ದ ಊರಿನವರು ಹೆಣ್ಣಿನ ಮದುವೆಗೆ ನಾಲ್ಕು ಮರ ನೆಡುವುದು ಪುಣ್ಯವೆಂದುಕೊಂಡು ಆಕಾಶ ನೋಡಿದರು.

ಗುರುವಾರ ಸರ್ಟಿಫಿಕೇಟು ಮನೆಗೆ ಬಂತು. ಅದರಲ್ಲಿ ಬರೆದಿದ್ದ ಆದಾಯ ವಿದ್ಯಾರ್ಥಿವೇತನದ ಮಿತಿಯ ಮೂರರಷ್ಟಿತ್ತು.

"ಅಪ್ಪಾ, ನಮ್ದು ಎಂಬತ್ತು ಯಾವಾಗಾಯ್ತು?" ಎಂದಳು ಸುವರ್ಣ.

"ಮೆತ್ಗೆ ಮಾತಾಡೇ! ಮೊದ್ಲು ನಿಮ್ಮಕ್ಕನ ಮಾತು ಮುಗೀಲಿ ಬುಡು. ಕಮ್ಮಿ ಬರ್ಸೋದು ಒಂದ್ನಿಮಿಷದ ಕೆಲ್ಸ."

"ನೆಡೋಕೂ ಒಂದೇ ನಿಮಿಷ ಸಾಕಾಯ್ತು ಕಣ್ರೀ" ಎಂದಳು ಹೆಂಡತಿ ಹೊಂಬಾಳಮ್ಮ ಒಲೆಯ ಮುಂದಿನಿಂದ.

ಶುಕ್ರವಾರವೂ ಇನ್ಸ್‌ಪೆಕ್ಟರು ಚಾವಡಿಯಲ್ಲಿದ್ದರು. ಸುವರ್ಣ ಕಾಗದ ಹಿಡಿದು ಹೊಸಿಲ ತನಕ ಹೋದಳು. ಹದಿನೆಂಟು ಎಂಬ ಒಂದು ಮಾತನ್ನು ಹೇಳಿ ಬರುವುದಷ್ಟೇ ಕೆಲಸ. ಆದರೆ ಚಾವಡಿಯ ಎದುರಿನ ಅಂಗಡಿ ಮರುಳಪ್ಪನ ತಮ್ಮನದು. ಹದಿನೆಂಟೆಂಬುದು ಸಂಜೆಯ ಬಸ್ಸಿಗೇ ಹಾಲ್ಕುರಿಕೆ ತಲುಪುತ್ತದೆ. ಹಿಂದೆ, ಪಡಸಾಲೆಯಲ್ಲಿ, ಮೀನಾಕ್ಷಿ ಹಳೆಯ ರೇಷ್ಮೆ ಸೀರೆಯ ಅಂಚು ಬಿಚ್ಚುತ್ತ ಏನನ್ನೋ ಗುನುಗುತ್ತಿದ್ದಳು. ಅಕ್ಕ ಹಾಡಿದ್ದನ್ನು ಕೇಳಿ ಎಷ್ಟು ವರ್ಷವಾಯಿತೆಂದು ಸುವರ್ಣ ಲೆಕ್ಕ ಹಾಕಿದಳು. ಮತ್ತೆ ಒಳಗೆ ಬಂದು ಕಾಗದವನ್ನು ಪುಸ್ತಕದಲ್ಲಿಟ್ಟಳು.

ಶನಿವಾರ ಬಂದು ಹೋಯಿತು.

ಭಾನುವಾರ ಮರುಳಪ್ಪ ವೀಳ್ಯ ಬದಲಿಸಿಕೊಂಡ. ಊಟವಾದ ಮೇಲೆ ತೋಂಟದಾರ್ಯನಿಗೆ ತಡೆಯಲಾಗಲಿಲ್ಲ. "ಬೀಗ್ರೇ, ತಪ್ಪು ತಿಳೀಬ್ಯಾಡಿ. ಮರ ಎಂಬತ್ತಿಲ್ಲ. ಹದಿನೆಂಟೇ."

ಮರುಳಪ್ಪ ಅಡಿಕೆ ಅಗಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣ್ರೀ. ವರ್ಸಕ್ಕೆ ನಾಕು ಮೂಟೆ ಕೊಬ್ರಿ ನಿಮ್ದು. ಹೆಣ್ಣು ನೋಡೋಕ್ ಮುಂಚೆ ಮಂಡೀಲಿ ಕೇಳ್ಕಂಡೇ ಬಂದಿದ್ದೆ."

"ಮತ್ತೆ ಅವತ್ತು ಚಾವಡೀಲಿ..."

"ಬೀಗ್ರಾಗೋರು ನಾಕು ಜನದ ಮುಂದೆ ಹೇಳ್ತಾವ್ರೆ, ಅಡ್ಡಬಾಯಿ ಹಾಕಿದ್ರೆ ಚೆಂದಾಗಿರ್ತದಾ ಅಂತ ಸುಮ್ನಾದೆ."

ಅಂತೂ ಎಂಬತ್ತು ಮರವನ್ನು ನಂಬಿದ್ದು ಸರ್ಕಾರವೊಂದೇ. ಸುವರ್ಣ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ವಿದ್ಯಾರ್ಥಿವೇತನ ತಪ್ಪಿದ ವಿಷಯ ತಿಳಿದ ಮರುಳಪ್ಪ ಫೀಸು ತಾನೇ ಕಟ್ಟುತ್ತೇನೆಂದ; ಹೆಣ್ಣಿನ ಕಡೆಯವರು ಬೀಗರ ದುಡ್ಡು ಮುಟ್ಟುವುದುಂಟೇ ಎಂದು ತೋಂಟದಾರ್ಯ ಕೈಮುಗಿದ. ಹದಿನೆಂಟು ಮರಕ್ಕೂ ಅಷ್ಟು ಮರ್ಯಾದೆ ಇತ್ತು.

ಸೋಮವಾರ ಸರ್ಟಿಫಿಕೇಟು ತಿದ್ದಿಸಿದ್ದಾಯಿತು. ಮಂಗಳವಾರ ಸುವರ್ಣ ಒಬ್ಬಳೇ ತಿಪಟೂರಿಗೆ ಹೋದಳು. ಗುಮಾಸ್ತರು ಕಾಗದವನ್ನು ಎರಡೂ ಕಡೆ ನೋಡಿದರು. "ಸ್ಕಾಲರ್‌ಶಿಪ್ಪಿನ ಪಟ್ಟಿ ನಿನ್ನೇನೇ ಹೋಯ್ತಲ್ಲಮ್ಮಾ. ಎರಡನೇ ಪಟ್ಟಿ ಅನ್ನೋದಿಲ್ಲ." ಫೀಸು ಕಟ್ಟದ ಸೀಟು ನಾಳೆಯಿಂದ ಬೇರೆಯವರಿಗೆ ಎಂಬುದನ್ನೂ ಬೇಸರದಿಂದಲೇ ತಿಳಿಸಿದರು.

ಹೊರಗೆ ಜವಾನ ಗಂಗಯ್ಯ ಸ್ಟೂಲಿನ ಮೇಲೆ ಕೂತಿದ್ದ. "ಯಾಕವ್ವಾ ನಿಂತ್ಬುಟ್ಟೆ? ಬಸ್ಸಿಗೆ ಇನ್ನೂ ಹೊತ್ತೈತಾ?"

"ಕೆಮಿಸ್ಟ್ರಿ ಲ್ಯಾಬು ಯಾವ್ಕಡೆ?"

"ಬಲಕ್ಕೆ ಕೊನೇದು. ಒಳೀಕ್ ಹೋಗ್ಬ್ಯಾಡ, ಮೇಷ್ಟ್ರು ಬೈತಾರೆ."

ಬಾಗಿಲು ತೆರೆದಿತ್ತು. ಕೊಳೆತ ಮೊಟ್ಟೆಯಂಥ ವಾಸನೆ ವರಾಂಡಕ್ಕೇ ಬರುತ್ತಿತ್ತು. ಸುವರ್ಣ ಅದನ್ನು ಎದೆತುಂಬ ಎಳೆದುಕೊಂಡಳು. ಒಳಗೆ ಹುಡುಗಿಯರು ಸಾಲಾಗಿ ನಿಂತು ಗಾಜಿನ ಕೊಳವೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬಾಗಿಲ ಬಳಿಯ ಹುಡುಗಿ ಇವಳನ್ನು ಕಂಡು, ಹೊಸಬಳೆಂದುಕೊಂಡು, ಪಕ್ಕಕ್ಕೆ ಸರಿದಳು.

"ಬಾರೇ, ಇಲ್ಲಿ ಜಾಗ ಐತೆ. ಮೇಷ್ಟ್ರು ಆ ಕಡೆಗವ್ರೆ."

"ಇಲ್ಲ, ಸುಮ್ನೆ ನೋಡೋಕ್ ಬಂದೆ" ಎಂದಳು ಸುವರ್ಣ. ಗಂಟೆ ಹೊಡೆಯುವ ತನಕ ಅಲ್ಲೇ ನಿಂತಿದ್ದಳು.